ಕಾಲು ತೆಗೆದು ಮತ್ತೆ ಒತ್ತಿದಾಗ ತಡವರಿಸುವ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್: ದೋಷವೇ, ವಿನ್ಯಾಸವೇ?

ಅರ್ಧಕ್ಲಚ್:

ಎಲ್ಲರಿಗೂ ನಮಸ್ಕಾರ. ಬಹುಕಾಲ ಮ್ಯಾನುವಲ್ ಗೇರಿನ ಕಾರನ್ನೇ ಓಡಿಸಿದ ನಾನು ಈಗ ಏಳು ಗೇರುಗಳ, ಒಣ ಕ್ಲಚ್ (ಎಣ್ಣೆಯಲ್ಲಿ ಮುಳುಗಿರದ ಕ್ಲಚ್) ಇರುವ ಡ್ಯುಯಲ್ ಕ್ಲಚ್ ಕಾರನ್ನು, ಅಂದರೆ ಎರಡು ಕ್ಲಚ್‌ಗಳ ನೆರವಿನಿಂದ ತಾನಾಗಿಯೇ ಗೇರು ಬದಲಾಯಿಸುವ ಕಾರನ್ನು ಬಳಸುತ್ತಿದ್ದೇನೆ. ತೆರೆದ ರಸ್ತೆಯಲ್ಲಿ ಅದರ ಬಗ್ಗೆ ಒಂದು ಮಾತೂ ಆಡುವಂತಿಲ್ಲ. ಗೇರು ಯಾವಾಗ ಬದಲಾಯಿತೆಂಬುದೇ ತಿಳಿಯುವುದಿಲ್ಲ. ತೊಂದರೆ ಎರಡು ಕಡೆ ಇದೆ.

ತಿರುವನ್ನೋ ವೃತ್ತವನ್ನೋ ಸಮೀಪಿಸುವಾಗ ಆಕ್ಸಿಲರೇಟರ್‌ನಿಂದ ಕಾಲು ತೆಗೆಯುತ್ತೇನೆ. ವೇಗ ಗಂಟೆಗೆ 20-25 ಕಿಲೋಮೀಟರಿಗೆ ಇಳಿದಾಗ ಮುಂದೆ ದಾರಿ ಖಾಲಿ ಇದೆಯೆಂದು ಕಂಡು ಮತ್ತೆ ಒತ್ತಿದರೆ, ಕಾರು ಒಂದು ಕ್ಷಣ ಸುಮ್ಮನಿದ್ದು ಆಮೇಲೆ ಒಮ್ಮೆಲೇ ಮುಂದಕ್ಕೆ ನುಗ್ಗುತ್ತದೆ. ಪಕ್ಕದಲ್ಲಿ ಕುಳಿತವರ ತಲೆ ಹಿಂದಕ್ಕೆ ಬೀಳುವಷ್ಟು ಜೋರಾಗಿ ಎಂದರೆ ಅತಿಶಯೋಕ್ತಿಯಾಗದು. ಇನ್ನೊಂದು ತೊಂದರೆ, ದಟ್ಟಣೆಯಲ್ಲಿ ಇಂಚಿಂಚಾಗಿ ಸಾಗುವಾಗ ಬರುವ ಸಣ್ಣ ಸಣ್ಣ ಜಗ್ಗುಗಳು.

ಮನೆಯಲ್ಲಿ ಇನ್ನೊಬ್ಬರೂ ಇದೇ ಕಾರನ್ನು ಓಡಿಸುತ್ತಾರೆ, ಅವರದು ಬಹಳ ಸಾವಧಾನದ ಚಾಲನೆ. ಗೇರ್‌ಬಾಕ್ಸ್ ಅವರ ಶೈಲಿಯನ್ನು ಕಲಿತುಬಿಟ್ಟಿರುವುದರಿಂದ ನನ್ನ ಕೈಯಲ್ಲಿ ಹೀಗೆ ತಡವರಿಸುತ್ತಿದೆ, ಬ್ಯಾಟರಿಯ ಸಂಪರ್ಕ ತೆಗೆದು ಒಂದು ರಾತ್ರಿ ಬಿಟ್ಟರೆ ಹಳೆಯ ಕಲಿಕೆ ಅಳಿಸಿಹೋಗುತ್ತದೆ ಎಂದು ಪರಿಚಿತರೊಬ್ಬರು ಹೇಳಿದರು. ಇದರಲ್ಲಿ ಹುರುಳಿದೆಯೇ?

ಟಾರ್ಕ್‌ಪ್ರಿಯ:

ಬ್ಯಾಟರಿಗೆ ಸದ್ಯಕ್ಕೆ ಕೈ ಹಾಕಬೇಡಿ. ಅದಕ್ಕೆ ಕಾರಣವನ್ನು ಆಮೇಲೆ ಹೇಳುತ್ತೇನೆ, ಮೊದಲು ಕೆಲವು ವಿಷಯಗಳು ಸ್ಪಷ್ಟವಾಗಬೇಕು. ಎಚ್ಚರಿಕೆಯ ದೀಪ ಎಂದಾದರೂ ಬೆಳಗಿದೆಯೇ? ಬೆಳಗ್ಗೆ ತಣ್ಣಗಿರುವಾಗ ಮತ್ತು ದಟ್ಟಣೆಯಲ್ಲಿ ಬಹಳ ಹೊತ್ತು ಸಿಕ್ಕಿಕೊಂಡು ಬಿಸಿಯಾದಾಗ ಜಗ್ಗು ಒಂದೇ ರೀತಿ ಇರುತ್ತದೆಯೇ? ಸಮತಟ್ಟಾದ ಜಾಗದಲ್ಲಿ ಆಕ್ಸಿಲರೇಟರ್ ಮುಟ್ಟದೆ ಬ್ರೇಕ್ ಮಾತ್ರ ಪೂರ್ತಿ ಬಿಟ್ಟರೆ ಕಾರು ನಯವಾಗಿ ತೆವಳುತ್ತದೆಯೇ, ಅಥವಾ ಆಗಲೂ ನಡುಗುತ್ತದೆಯೇ? ರಿವರ್ಸ್‌ನಲ್ಲಿ ಹೇಗೆ? ಕೊನೆಯದಾಗಿ, ವೃತ್ತವನ್ನು ಸಮೀಪಿಸುವ ಮೊದಲೇ ಗೇರ್ ಲಿವರನ್ನು ಮ್ಯಾನುವಲ್ ಕಡೆಗೆ ತಳ್ಳಿ, ಎರಡನೇ ಗೇರನ್ನು ನೀವೇ ಆರಿಸಿಕೊಂಡು ಅದೇ ತಿರುವನ್ನು ಅದೇ ವೇಗದಲ್ಲಿ ದಾಟಿ ನೋಡಿ. ಆ ನುಗ್ಗುವಿಕೆ ಆಗಲೂ ಉಳಿಯುತ್ತದೆಯೇ ಎಂಬುದೇ ಇಲ್ಲಿ ಮುಖ್ಯವಾದ ಪರೀಕ್ಷೆ.

ಅರ್ಧಕ್ಲಚ್:

ಎಲ್ಲವನ್ನೂ ಪರೀಕ್ಷಿಸಿದೆ. ಯಾವ ದೀಪವೂ ಬೆಳಗಿಲ್ಲ. ತಣ್ಣಗಿರುವಾಗಲೂ ಬಿಸಿಯಾದಾಗಲೂ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಬ್ರೇಕನ್ನು ಪೂರ್ತಿಯಾಗಿ ಬಿಟ್ಟು ಸುಮ್ಮನಿದ್ದರೆ ಮುಂದಕ್ಕೂ ಹಿಂದಕ್ಕೂ ನಯವಾಗಿಯೇ ತೆವಳುತ್ತದೆ. ಬ್ರೇಕನ್ನು ಅರ್ಧಂಬರ್ಧ ಬಿಟ್ಟು ಹಿಡಿದು ಮಾಡುವಾಗ ಮಾತ್ರ ಜಗ್ಗು ಬರುತ್ತದೆ. ಮ್ಯಾನುವಲ್‌ನಲ್ಲಿ ಎರಡನೇ ಗೇರಿಗೆ ಹಾಕಿಕೊಂಡು ತಿರುವು ದಾಟಿದರೆ ನುಗ್ಗುವಿಕೆ ಬಹುತೇಕ ಮಾಯವಾಗುತ್ತದೆ. ಇದು ನನಗೆ ಅಚ್ಚರಿ ತಂದಿತು, ಏಕೆಂದರೆ ಡಿ (ಡ್ರೈವ್) ಸ್ಥಾನದಲ್ಲಿಯೂ ಆ ವೇಗಕ್ಕೆ ಕಾರು ಎರಡನೇ ಗೇರಿನಲ್ಲಿಯೇ ಇರಬೇಕೆಂದು ನಾನು ಭಾವಿಸಿದ್ದೆ.

ಟಾರ್ಕ್‌ಪ್ರಿಯ:

ಈ ವಿವರಗಳನ್ನು ನೋಡಿದರೆ ಯಂತ್ರಭಾಗದಲ್ಲಿ ದೋಷವಿರುವ ಸಾಧ್ಯತೆ ಕಡಿಮೆ. ಕ್ಲಚ್ ಫಲಕ ಸವೆದಿದ್ದರೆ ಅಥವಾ ಅದರ ಮೇಲ್ಮೈ ಗಾಜಿನಂತಾಗಿದ್ದರೆ, ನಿಮ್ಮ ಕಾಲು ಏನೇ ಮಾಡಿದರೂ ಬಿಟ್ಟರೂ ತೆವಳುವಾಗ ನಡುಕ ಇದ್ದೇ ಇರುತ್ತದೆ. ರಿವರ್ಸ್ ಬಗ್ಗೆ ಕೇಳಿದ್ದಕ್ಕೂ ಇದೇ ಕಾರಣ: ಈ ಬಗೆಯ ಅನೇಕ ಗೇರ್ ಪೆಟ್ಟಿಗೆಗಳಲ್ಲಿ 1, 3, 5, 7 ಒಂದು ಕ್ಲಚ್‌ಗೂ 2, 4, 6 ಮತ್ತು ರಿವರ್ಸ್ ಇನ್ನೊಂದು ಕ್ಲಚ್‌ಗೂ ಸೇರಿರುತ್ತವೆ. ಮುಂದಕ್ಕೆ ಹೋಗುವಾಗ ಮಾತ್ರ ನಡುಕವಿದ್ದು ಹಿಂದಕ್ಕೆ ಇಲ್ಲದಿದ್ದರೆ ಸಂಶಯ ಮೊದಲ ಕ್ಲಚ್‌ನ ಮೇಲೆ ಬೀಳುತ್ತದೆ. ನಿಮ್ಮಲ್ಲಿ ಎರಡೂ ನಯವಾಗಿವೆ.

ಇನ್ನು ಕಲಿಕೆಯ ವಿಷಯ. ಗೇರ್‌ಬಾಕ್ಸ್‌ನ ನಿಯಂತ್ರಣ ಘಟಕ ಎರಡು ಬೇರೆ ಬೇರೆ ಲೆಕ್ಕಗಳನ್ನು ಇಟ್ಟುಕೊಂಡಿರುತ್ತದೆ, ಜನ ಇವೆರಡನ್ನೂ ಸೇರಿಸಿ ಮಾತನಾಡುತ್ತಾರೆ. ಒಂದು ಲೆಕ್ಕಕ್ಕೆ ಚಾಲಕ ಯಾರೆಂಬುದರೊಂದಿಗೆ ಸಂಬಂಧವೇ ಇಲ್ಲ. ಕ್ಲಚ್ ಎಷ್ಟು ಚಲಿಸಿದಾಗ ಹಿಡಿಯಲು ಆರಂಭಿಸುತ್ತದೆ ಎಂಬ ಬಿಂದು, ಫಲಕ ಸವೆದಂತೆ ಸರಿಯುತ್ತ ಹೋಗುತ್ತದೆ. ಘಟಕವು ಆ ಬಿಂದುವನ್ನು ಆಗಾಗ ಅಳೆದು ತಿದ್ದಿಕೊಳ್ಳುತ್ತದೆ. ಈ ತಿದ್ದುಪಡಿಗಳು ಅನೇಕ ಕಾರುಗಳಲ್ಲಿ ವಿದ್ಯುತ್ ಕಡಿದರೂ ಅಳಿಯದ ಸ್ಮೃತಿಯಲ್ಲಿ ಉಳಿಯುತ್ತವೆ. ಆದ್ದರಿಂದ ಬ್ಯಾಟರಿ ತೆಗೆದರೆ ಗಡಿಯಾರ, ಕಿಟಕಿಗಳ ಸೆಟ್ಟಿಂಗ್ ಮುಂತಾದವು ಹೋಗಬಹುದೇ ಹೊರತು ಇವು ಹೋಗುವುದಿಲ್ಲ. ಒಂದು ವೇಳೆ ಉಪಕರಣ ಬಳಸಿ ಅಳಿಸಿದರೂ, ತಯಾರಕರು ಹೇಳಿದ ಕ್ರಮದಲ್ಲಿ ಅವನ್ನು ಮತ್ತೆ ಕಲಿಸಬೇಕು. ಹಾಗೆ ಮಾಡದಿದ್ದರೆ ಸರಿಯಾಗಿದ್ದ ಕ್ಲಚ್ ಕೂಡ ಕೆಲಕಾಲ ಒರಟಾಗಿ ವರ್ತಿಸುತ್ತದೆ.

ಇನ್ನೊಂದು ಲೆಕ್ಕ ನಿಜಕ್ಕೂ ನಿಮ್ಮ ಕುರಿತದ್ದು. ಪೆಡಲನ್ನು ಎಷ್ಟು ವೇಗವಾಗಿ ಒತ್ತುತ್ತೀರಿ, ಎಷ್ಟು ಬೇಗ ಬಿಡುತ್ತೀರಿ, ಬ್ರೇಕನ್ನು ಹೇಗೆ ಬಳಸುತ್ತೀರಿ, ತಿರುವಿನಲ್ಲಿ ಕಾರು ಎಷ್ಟು ವಾಲುತ್ತದೆ, ರಸ್ತೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನೆಲ್ಲ ನೋಡಿ, ಗೇರನ್ನು ಬೇಗ ಏರಿಸಬೇಕೇ ತಡೆದು ಏರಿಸಬೇಕೇ ಎಂದು ಅದು ತೀರ್ಮಾನಿಸುತ್ತದೆ. ಇದು ಹೊಸದೇನಲ್ಲ: 1990ರ ಆಸುಪಾಸಿನಲ್ಲಿ ಪೋರ್ಷೆ 911ಕ್ಕೆ ಬಂದ ಟಿಪ್‌ಟ್ರಾನಿಕ್ ಪೆಟ್ಟಿಗೆಯೇ ಚಾಲಕನ ವರ್ತನೆಯನ್ನು ನೋಡಿ ಹಲವು ಶಿಫ್ಟ್ ನಕ್ಷೆಗಳಲ್ಲಿ (ಯಾವಾಗ ಗೇರು ಬದಲಾಯಿಸಬೇಕೆಂಬ ಸೂತ್ರಗಳಲ್ಲಿ) ಒಂದನ್ನು ಆರಿಸಿಕೊಳ್ಳುತ್ತಿತ್ತು. ಆದರೆ ಈ ತೀರ್ಮಾನದ ಆಯುಷ್ಯ ಸಾಮಾನ್ಯವಾಗಿ ಬಹಳ ಚಿಕ್ಕದು. ನೀವು ಒಂದಷ್ಟು ದೂರ ಹುರುಪಿನಿಂದ ಓಡಿಸಿದರೆ ಅದೂ ಹುರುಪಾಗುತ್ತದೆ, ಮತ್ತೆ ನಿಧಾನಿಸಿದರೆ ತಾನೂ ತಣ್ಣಗಾಗುತ್ತದೆ. ನಿಮ್ಮ ಮನೆಯ ಇನ್ನೊಬ್ಬ ಚಾಲಕರ ಅಭ್ಯಾಸ ವಾರಗಟ್ಟಲೆ ಅದರೊಳಗೆ ಕುಳಿತು ನಿಮ್ಮನ್ನು ಕಾಡುತ್ತಿದೆಯೆಂದು ನಾನು ನಂಬುವುದಿಲ್ಲ. ಅವರ ಮೇಲಿನ ಆಪಾದನೆಯನ್ನು ಹಿಂತೆಗೆದುಕೊಳ್ಳಬಹುದು.

ಹಾಗಾದರೆ ನುಗ್ಗುವಿಕೆ ಎಲ್ಲಿಂದ ಬಂತು? ಡ್ಯುಯಲ್ ಕ್ಲಚ್ ಪೆಟ್ಟಿಗೆಯ ಇಡೀ ಚುರುಕುತನ ಒಂದು ಊಹೆಯ ಮೇಲೆ ನಿಂತಿದೆ. ಕಾರು ಮೂರನೇ ಗೇರಿನಲ್ಲಿ ಓಡುತ್ತಿರುವಾಗ ಬೆಸ ಗೇರುಗಳ ಕ್ಲಚ್ ಹಿಡಿದಿರುತ್ತದೆ. ಸಮ ಗೇರುಗಳ ದಂಡದ ಮೇಲೆ ಮುಂದಿನ ಗೇರನ್ನು ಘಟಕವು ಆಗಲೇ ಹಾಕಿಟ್ಟಿರುತ್ತದೆ. ಅದು ನಾಲ್ಕು ಆಗಬಹುದು, ಎರಡೂ ಆಗಬಹುದು. ಒಂದೇ ಕಾಲಕ್ಕೆ ಎರಡನ್ನೂ ಹಾಕಿಡಲು ಸಾಧ್ಯವಿಲ್ಲ. ನೀವು ವೇಗ ಹೆಚ್ಚಿಸುತ್ತಿದ್ದರೆ ಘಟಕವು ನಾಲ್ಕನ್ನು ಆರಿಸುತ್ತದೆ, ಕಾಲು ತೆಗೆದು ನಿಧಾನಿಸುತ್ತಿದ್ದರೆ ಎರಡನ್ನು. ಊಹೆ ಸರಿಯಾದಾಗ ಒಂದು ಕ್ಲಚ್ ಬಿಡುವುದು, ಇನ್ನೊಂದು ಹಿಡಿಯುವುದು, ಅಷ್ಟೇ ಕೆಲಸ; ತೆರೆದ ರಸ್ತೆಯಲ್ಲಿ ನಿಮಗೆ ಗೇರು ಬದಲಾದದ್ದೇ ತಿಳಿಯದಿರುವುದು ಅದಕ್ಕೇ. ಊಹೆ ತಪ್ಪಿದಾಗ ಹಾಕಿಟ್ಟ ಗೇರನ್ನು ತೆಗೆದು, ಗೇರನ್ನು ಕೂರಿಸುವ ಫೋರ್ಕ್ ಸರಿದು, ಇನ್ನೊಂದು ಗೇರಿನ ವೇಗ ಹೊಂದಿಕೆಯಾಗಿ, ಅದು ಕೂತ ಮೇಲಷ್ಟೇ ಕ್ಲಚ್ ಬದಲಾಗಬೇಕು. ನೀವು ಹೇಳುವ ಆ ಒಂದು ಕ್ಷಣದ ಮೌನ ಇದೇ.

ವೃತ್ತದ ಬಳಿ ಪರಿಸ್ಥಿತಿ ಇನ್ನೂ ಒಂದು ಹೆಜ್ಜೆ ತೊಡಕಾಗಿದೆ. ಕಾಲು ಪೂರ್ತಿ ಎತ್ತಿದ್ದೀರಿ, ಬ್ರೇಕನ್ನೂ ಮುಟ್ಟಿದ್ದೀರಿ, ವೇಗ ಇಳಿಯುತ್ತಿದೆ: ಬಹುಪಾಲು ಚಾಲಕರ ವಿಷಯದಲ್ಲಿ ಇದರರ್ಥ 'ನಾನು ನಿಲ್ಲಲಿದ್ದೇನೆ'. ಎಂಜಿನ್ ನಿಲ್ಲಬಾರದೆಂದು ಘಟಕವು ಕ್ಲಚ್ ಬಿಡಿಸಲು ಸಿದ್ಧವಾಗುತ್ತದೆ, ಮತ್ತೆ ಹೊರಡಲು ಬೇಕಾಗುವ ಮೊದಲ ಗೇರನ್ನು ಹಾಕಿಡಲು ನೋಡುತ್ತದೆ. ಸರಿಯಾಗಿ ಅದೇ ಹೊತ್ತಿಗೆ ನೀವು ಮನಸ್ಸು ಬದಲಿಸಿ ಒತ್ತುತ್ತೀರಿ. ಘಟಕವು ತನ್ನ ಕೆಲಸವನ್ನು ಅರ್ಧಕ್ಕೆ ಕೈಬಿಟ್ಟು ಹಿಂದಿರುಗಬೇಕು. ಅಷ್ಟರಲ್ಲಿ ಏನೂ ಆಗುತ್ತಿಲ್ಲವೆಂದು ನಿಮ್ಮ ಕಾಲು, ನಿಮಗೆ ಅರಿವಿಲ್ಲದೆಯೇ, ಇನ್ನಷ್ಟು ಒತ್ತಿರುತ್ತದೆ. ಈ ಎರಡನೇ ಒತ್ತುವಿಕೆಯನ್ನು ಗಮನಿಸಿ ನೋಡಿ. ಕ್ಲಚ್ ಹಿಡಿಯುವ ಹೊತ್ತಿಗೆ ಪೆಡಲ್ ಕೇಳುತ್ತಿರುವುದು ನೀವು ಮೊದಲು ಕೇಳಿದಷ್ಟು ಶಕ್ತಿಯನ್ನಲ್ಲ, ಅದಕ್ಕಿಂತ ಬಹಳ ಹೆಚ್ಚಿನದನ್ನು. ತಡವರಿಕೆ ಪೆಟ್ಟಿಗೆಯದು, ನುಗ್ಗುವಿಕೆಯಲ್ಲಿ ದೊಡ್ಡ ಪಾಲು ಕಾಲಿನದು. ಮ್ಯಾನುವಲ್ ಸ್ಥಾನದಲ್ಲಿ ನೀವು ಎರಡನೇ ಗೇರನ್ನು ಮೊದಲೇ ಹೇಳಿಬಿಟ್ಟಿದ್ದರಿಂದ ಅದು ಊಹಿಸಬೇಕಾದ ಸಂಗತಿ ಕಡಿಮೆಯಾಯಿತು, ತೊಂದರೆಯೂ ಕರಗಿತು.

ನ್ಯೂಟ್ರಲ್:

ವಿವರಣೆ ಸೊಗಸಾಗಿದೆ, ಆದರೆ ನನಗೊಂದು ಆಕ್ಷೇಪವಿದೆ. ಚಾಲಕ ಮನಸ್ಸು ಬದಲಿಸುವುದು ಸಹಜ. ಅದನ್ನು ತಾಳಲಾರದ ಯಂತ್ರವನ್ನು ಮಾಡಿ, ಆಮೇಲೆ ಚಾಲಕನ ಕಾಲಿಗೆ ಪಾಠ ಹೇಳುವುದು ಯಾವ ನ್ಯಾಯ? ನಾನು ಸಿವಿಟಿ ಕಾರು, ಅಂದರೆ ಬಿಡಿ ಗೇರುಗಳ ಬದಲು ಅನುಪಾತ ಸತತವಾಗಿ ಬದಲಾಗುವ ಆಟೋಮ್ಯಾಟಿಕ್ ಓಡಿಸುತ್ತೇನೆ. ಅದರಲ್ಲಿ ಹಾಕಿಡುವ ಗೇರೂ ಇಲ್ಲ, ತಪ್ಪುವ ಊಹೆಯೂ ಇಲ್ಲ. ಎರಡು ರಾಟೆಗಳ ಅಗಲ ಬದಲಾದಂತೆ ಅನುಪಾತ ಬದಲಾಗುತ್ತದೆ. ತಿರುವಿನಲ್ಲಿ ಕಾಲು ತೆಗೆದು ಮತ್ತೆ ಒತ್ತಿದರೆ ಹೊಳೆ ಹರಿದಂತೆ ಮುಂದೆ ಹೋಗುತ್ತದೆ.

ಟಾರ್ಕ್‌ಪ್ರಿಯ:

ನ್ಯಾಯದ ಪ್ರಶ್ನೆಯನ್ನು ಒಪ್ಪುತ್ತೇನೆ, ಆದರೆ ಸಿವಿಟಿಯ ಚರಿತ್ರೆ ನಿಮ್ಮ ವಾದಕ್ಕೆ ಅಷ್ಟಾಗಿ ನೆರವಾಗುವುದಿಲ್ಲ. ನೆದರ್‌ಲ್ಯಾಂಡ್ಸ್‌ನ ಡಾಫ್ ಕಂಪನಿ 1958ರಲ್ಲಿಯೇ ರಬ್ಬರ್ ಬೆಲ್ಟಿನ ವೇರಿಯೋಮ್ಯಾಟಿಕ್ ಕಾರನ್ನು ತೋರಿಸಿತ್ತು. 1993ರಲ್ಲಿ ವಿಲಿಯಮ್ಸ್ ತಂಡ ಸಿವಿಟಿ ಇರುವ ಫಾರ್ಮುಲಾ ಒನ್ ಕಾರನ್ನು ಪರೀಕ್ಷೆಗೆ ಓಡಿಸಿತು, ಸ್ಪರ್ಧೆಗೆ ಇಳಿಯುವ ಮೊದಲೇ ನಿಯಮಗಳು ಅದನ್ನು ಹೊರಗಿಟ್ಟವು. ಲೆಕ್ಕಾಚಾರದ ದೃಷ್ಟಿಯಿಂದ ಸಿವಿಟಿಗೆ ಎದುರಿಲ್ಲ: ಎಂಜಿನ್ ತನಗೆ ಅನುಕೂಲವಾದ ಒಂದೇ ವೇಗದಲ್ಲಿ ತಿರುಗುತ್ತಿರಲಿ, ಉಳಿದದ್ದನ್ನು ರಾಟೆಗಳು ನೋಡಿಕೊಳ್ಳಲಿ. ಇದನ್ನು ಒಪ್ಪದಿದ್ದದ್ದು ಚಾಲಕನ ಕಿವಿ. ಕಾರಿನ ವೇಗ ಏರಿದಂತೆ ಎಂಜಿನ್ನಿನ ದನಿಯೂ ಏರಬೇಕು, ಗೇರು ಬಿದ್ದಾಗ ಇಳಿಯಬೇಕು ಎಂದು ತಲೆಮಾರುಗಳಿಂದ ರೂಢಿಯಾದ ಕಿವಿಗೆ, ಒಂದೇ ದನಿಯಲ್ಲಿ ಕೂಗುವ ಎಂಜಿನ್ ಕ್ಲಚ್ ಜಾರುತ್ತಿರುವಂತೆ ಕೇಳಿಸಿತು. ಪರಿಣಾಮವಾಗಿ ಇಂದು ಅನೇಕ ಸಿವಿಟಿಗಳು, ಜೋರಾಗಿ ಒತ್ತಿದಾಗ, ಇಲ್ಲದ ಗೇರುಗಳನ್ನು ಬದಲಾಯಿಸಿದಂತೆ ನಟಿಸುತ್ತವೆ. ನಿಸಾನ್ ಇದನ್ನು ಡಿ-ಸ್ಟೆಪ್ ಎಂದು ಕರೆಯುತ್ತದೆ. ಟೊಯೋಟಾ 2018ರಲ್ಲಿ ಹೊರತಂದ ಡೈರೆಕ್ಟ್ ಶಿಫ್ಟ್ ಸಿವಿಟಿಯಂತೂ, ನಿಂತಲ್ಲಿಂದ ಹೊರಡಲು ಒಂದು ನಿಜವಾದ ಗೇರನ್ನೇ ಬೆಲ್ಟಿನ ಪಕ್ಕದಲ್ಲಿ ಇಟ್ಟಿತು. ಅದಕ್ಕೆ ಯಾಂತ್ರಿಕ ಕಾರಣಗಳೂ ಇವೆ. ಆದರೂ ಕಾಲು ಒತ್ತಿದೊಡನೆ ನೇರವಾದ ಎಳೆತ ಸಿಗಬೇಕೆಂಬ ನಿರೀಕ್ಷೆಗೆ ಅದು ಕೊಟ್ಟ ಉತ್ತರವೂ ಹೌದು.

ಇದರ ಪರಾಕಾಷ್ಠೆಯನ್ನು ನೋಡಬೇಕೆಂದರೆ 2023ರಲ್ಲಿ ಬಂದ ಹ್ಯುಂಡೈ ಅಯಾನಿಕ್ 5 ಎನ್ ಇದೆ. ಈ ವಿದ್ಯುತ್ ಕಾರಿಗೆ ಬದಲಾಯಿಸಬೇಕಾದ ಗೇರುಗಳೇ ಇಲ್ಲ. ಆದರೂ ಅದು ಎಂಟು ಗೇರುಗಳ ಡ್ಯುಯಲ್ ಕ್ಲಚ್ ಪೆಟ್ಟಿಗೆಯನ್ನು ಅನುಕರಿಸುತ್ತದೆ, ಗೇರು ಬದಲಾಯಿಸಿದಾಗ ಮೋಟಾರಿನ ಎಳೆತವನ್ನು ಬೇಕೆಂದೇ ಕತ್ತರಿಸಿ ಜಗ್ಗನ್ನು ಕೊಡುತ್ತದೆ. ನಮ್ಮ ಅರ್ಧಕ್ಲಚ್ ಅವರು ತೊಲಗಿಸಲು ಹೆಣಗುತ್ತಿರುವುದನ್ನು ಅಲ್ಲಿ ಹಣ ಕೊಟ್ಟು ಕೊಳ್ಳುತ್ತಾರೆ.

ನ್ಯೂಟ್ರಲ್:

ಸಿವಿಟಿಯ ದನಿ ಕರ್ಣಾನಂದವೆಂದು ನಾನೂ ಹೇಳುವುದಿಲ್ಲ. ಆದರೆ ದಟ್ಟಣೆಯಲ್ಲಿ ಬರುವ ಜಗ್ಗಿಗೆ ನೀವಿನ್ನೂ ಉತ್ತರ ಕೊಟ್ಟಿಲ್ಲ.

ಟಾರ್ಕ್‌ಪ್ರಿಯ:

ಹೌದು, ಅದಕ್ಕೆ ಬರುತ್ತೇನೆ. ಇದರ ಬೇರು ಕೂಡ ಹಳೆಯ ನಿರೀಕ್ಷೆಯೊಂದರಲ್ಲಿಯೇ ಇದೆ.

ಟಾರ್ಕ್ ಕನ್ವರ್ಟರ್ ಇರುವ ಆಟೋಮ್ಯಾಟಿಕ್ ಕಾರಿನಲ್ಲಿ ಎಂಜಿನ್ನಿಗೂ ಪೆಟ್ಟಿಗೆಗೂ ನಡುವೆ ಇರುವುದು ದ್ರವ. ಎಂಜಿನ್ ಸುಮ್ಮನೆ ತಿರುಗುತ್ತಿರುವಾಗಲೂ ಆ ದ್ರವವು ಸ್ವಲ್ಪ ಬಲವನ್ನು ಮುಂದಕ್ಕೆ ದಾಟಿಸುವುದರಿಂದ, ಬ್ರೇಕ್ ಬಿಟ್ಟೊಡನೆ ಕಾರು ತೆವಳುತ್ತದೆ. ಇದನ್ನು ಯಾರೂ ಸೌಕರ್ಯವೆಂದು ಯೋಚಿಸಿ ಸೇರಿಸಿದ್ದಲ್ಲ, ದ್ರವದ ಸ್ವಭಾವದಿಂದ ತಾನಾಗಿ ಬಂದದ್ದು. ಆದರೆ ದಶಕಗಳ ಕಾಲ ಜನ ಅದರ ಮೇಲೆಯೇ ಕಾರು ನಿಲ್ಲಿಸುವುದನ್ನೂ ದಟ್ಟಣೆಯಲ್ಲಿ ಸಾಗುವುದನ್ನೂ ರೂಢಿಸಿಕೊಂಡರು. ಡ್ಯುಯಲ್ ಕ್ಲಚ್ ಬಂದಾಗ ಆ ರೂಢಿಯನ್ನು ಮುರಿಯಲು ತಯಾರಕರು ಇಷ್ಟಪಡಲಿಲ್ಲ. ಕ್ಲಚ್ಚನ್ನು ಅರ್ಧ ಹಿಡಿಸಿ, ಜಾರಿಸುತ್ತ, ಆ ತೆವಳುವಿಕೆಯನ್ನು ಅನುಕರಿಸಿದರು. ವಿದ್ಯುತ್ ಕಾರುಗಳಲ್ಲಿ ಮೋಟಾರಿಗೆ ಸಣ್ಣ ಬಲ ಕೊಟ್ಟು ಇದನ್ನೇ ಮಾಡುತ್ತಾರೆ, ಅಲ್ಲಿ ಅದರಿಂದ ಏನೂ ಸವೆಯುವುದಿಲ್ಲ. ಒಣ ಕ್ಲಚ್‌ನಲ್ಲಿ ಮಾತ್ರ ಪ್ರತಿ ಸಲ ಜಾರಿದಾಗಲೂ ಬಿಸಿ ಹುಟ್ಟುತ್ತದೆ, ಫಲಕ ಸವೆಯುತ್ತದೆ. ತಣಿಸಲು ಎಣ್ಣೆಯ ಸ್ನಾನವಿಲ್ಲ. ಆದ್ದರಿಂದ ನೀವು ಬ್ರೇಕನ್ನು ಗಟ್ಟಿಯಾಗಿ ಒತ್ತಿದೊಡನೆ ಘಟಕವು ಕ್ಲಚ್ಚನ್ನು ಪೂರ್ತಿ ಬಿಡಿಸಿಬಿಡುತ್ತದೆ, ಬಿಟ್ಟೊಡನೆ ಮತ್ತೆ ಹಿಡಿಸಲು ಹೊರಡುತ್ತದೆ.

ನಿಮ್ಮ ಕಾಲು ಬ್ರೇಕಿನ ಮೇಲೆ ಅರ್ಧ ಒತ್ತಿ ಅರ್ಧ ಬಿಟ್ಟು ಆಡುತ್ತಿರುವಾಗ, ಘಟಕಕ್ಕೆ ಪ್ರತಿ ಸಲವೂ 'ನಿಲ್ಲು', 'ಹೊರಡು' ಎಂಬ ಎರಡು ಆದೇಶಗಳು ಒಂದರ ಹಿಂದೊಂದು ಹೋಗುತ್ತವೆ. ಮ್ಯಾನುವಲ್ ಕಾರಿನಲ್ಲಿ ಎಡಗಾಲು ಮಾಡುತ್ತಿದ್ದ ಸೂಕ್ಷ್ಮ ಕೆಲಸವನ್ನು ಈಗ ಬಲಗಾಲಿನಿಂದ ಬ್ರೇಕಿನ ಮೇಲೆ ಮಾಡಲು ಹೊರಟಂತೆ ಕಾಣುತ್ತದೆ. ನಿಮ್ಮ ಸದಸ್ಯನಾಮವೇ ಆ ಗುಟ್ಟನ್ನು ಬಿಟ್ಟುಕೊಟ್ಟಿದೆ. ಮುಂದಿನ ಕಾರು ಒಂದು ಕಾರಿನಷ್ಟು ಉದ್ದ ದೂರ ಸರಿಯುವವರೆಗೆ ಬ್ರೇಕನ್ನು ಗಟ್ಟಿಯಾಗಿ ಹಿಡಿದು ನಿಲ್ಲಿ. ಆಮೇಲೆ ಬ್ರೇಕನ್ನು ಪೂರ್ತಿ ಬಿಟ್ಟು, ಆಕ್ಸಿಲರೇಟರನ್ನು ಸ್ವಲ್ಪವೇ ಆದರೂ ನಿಶ್ಚಿತವಾಗಿ ಒತ್ತಿ, ಕ್ಲಚ್ ಪೂರ್ತಿ ಹಿಡಿಯುವಷ್ಟು ದೂರ ಸಾಗಿ. ಆಟೋ ಹೋಲ್ಡ್ ಇದ್ದರೆ ದಟ್ಟಣೆಯಲ್ಲಿ ಅದನ್ನು ಹಾಕಿಡಿ, ಏಕೆಂದರೆ ನಿಂತಾಗ ಅದು ಬ್ರೇಕನ್ನು ತಾನೇ ಹಿಡಿದುಕೊಂಡು ಅರ್ಧ ಮನಸ್ಸಿನ ಸ್ಥಿತಿಯನ್ನೇ ಇಲ್ಲವಾಗಿಸುತ್ತದೆ. ಒಂದು ಮಾತನ್ನು ಮಾತ್ರ ಕಟ್ಟುನಿಟ್ಟಾಗಿ ಪಾಲಿಸಿ: ಏರಿನಲ್ಲಿ ಬ್ರೇಕ್ ಬಿಟ್ಟು ಆಕ್ಸಿಲರೇಟರ್‌ನಿಂದಲೇ ಕಾರನ್ನು ನಿಂತಲ್ಲೇ ತೂಗಿ ಹಿಡಿಯಬೇಡಿ. ಒಣ ಕ್ಲಚ್ಚನ್ನು ಸುಡಲು ಅದಕ್ಕಿಂತ ಸುಲಭದ ದಾರಿ ಇಲ್ಲ.

ನ್ಯೂಟ್ರಲ್ ಅವರ ನ್ಯಾಯದ ಪ್ರಶ್ನೆಗೂ ಇಲ್ಲಿಯೇ ಒಂದು ಮಾತು. ನಿರೀಕ್ಷೆಯನ್ನು ಗೌರವಿಸದೆ ಹೋದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ಲಿವರನ್ನು ತಳ್ಳಿದ ಮೇಲೆ ಅದು ಆ ಸ್ಥಾನದಲ್ಲಿಯೇ ನಿಲ್ಲುತ್ತದೆ ಎಂಬುದು ಚಾಲಕರ ಕೈಗೆ ಅಂಟಿಕೊಂಡ ತಿಳಿವಳಿಕೆ. ತಳ್ಳಿದರೂ ಮತ್ತೆ ನಡುವಿಗೇ ಮರಳುವ ಎಲೆಕ್ಟ್ರಾನಿಕ್ ಲಿವರ್‌ಗಳಿದ್ದ ಕಾರುಗಳಲ್ಲಿ ಕೆಲವರು, ಪಾರ್ಕ್‌ಗೆ ಹಾಕಿದ್ದೇವೆಂದು ಭಾವಿಸಿ ಇಳಿದರು, ಕಾರು ಉರುಳಿತು. ಫಿಯಟ್ ಕ್ರೈಸ್ಲರ್ ಕಂಪನಿ 2016ರಲ್ಲಿ ಇಂಥ ಲಿವರ್ ಇದ್ದ ಸುಮಾರು 11 ಲಕ್ಷ ವಾಹನಗಳನ್ನು ಹಿಂದಕ್ಕೆ ಕರೆಸಬೇಕಾಯಿತು. ಆ ಲಿವರ್ ತನ್ನ ಮಟ್ಟಿಗೆ ವಿನ್ಯಾಸಗೊಂಡಂತೆಯೇ ಕೆಲಸ ಮಾಡುತ್ತಿತ್ತು. ಹಾಗಿರುವಾಗ ತೆವಳುವಿಕೆಯನ್ನು ಅನುಕರಿಸಿದ್ದಕ್ಕಾಗಿ ನಾನು ತಯಾರಕರನ್ನು ದೂರಲಾರೆ. ಸವೆಯುವ ಭಾಗವನ್ನು ಜಾರಿಸಿ ಅನುಕರಿಸಿದರೂ ಬಳಸುವವರಿಗೆ ಅದನ್ನು ಸ್ಪಷ್ಟವಾಗಿ ತಿಳಿಸದಿದ್ದದ್ದಕ್ಕೆ ದೂರುತ್ತೇನೆ. ಕೈಪಿಡಿಯಲ್ಲಿ ಅದು ಇರುತ್ತದೆ, ಯಾರೂ ಓದದ ಪುಟದಲ್ಲಿ.

ಅರ್ಧಕ್ಲಚ್:

ಸಲಹೆಯಂತೆ ಓಡಿಸಿ ನೋಡಿದೆ. ದಟ್ಟಣೆಯ ಜಗ್ಗು ಬಹುಮಟ್ಟಿಗೆ ನಿಂತಿದೆ. ಆಟೋ ಹೋಲ್ಡ್ ಹಾಕಿದಾಗ ಹೊರಡುವ ಕ್ಷಣದಲ್ಲಿ ಒಂದು ಸಣ್ಣ ತಡೆ ಅನುಭವಕ್ಕೆ ಬರುತ್ತದೆ, ಅದಕ್ಕೆ ಹೊಂದಿಕೊಳ್ಳಬಹುದು. ವೃತ್ತದಲ್ಲಿ ನೀವು ಹೇಳಿದ ಎರಡನೇ ಒತ್ತುವಿಕೆಯನ್ನು ಗಮನಿಸಿದೆ. ನನ್ನ ಕಾಲು ನಿಜಕ್ಕೂ ಹಾಗೆಯೇ ಮಾಡುತ್ತಿದೆ. ಅದನ್ನು ತಡೆದರೆ ನುಗ್ಗುವಿಕೆ ಇರುವುದಿಲ್ಲ, ಆದರೆ ತಡವರಿಕೆ ಉಳಿಯುತ್ತದೆ. ಪ್ರತಿ ತಿರುವಿಗೂ ಮ್ಯಾನುವಲ್‌ಗೆ ಹಾಕಬೇಕೆಂದರೆ ಆಟೋಮ್ಯಾಟಿಕ್ ಕೊಂಡ ಉದ್ದೇಶವೇ ಹೋದಂತಾಯಿತು. ಬೇರೆ ದಾರಿ ಇದೆಯೇ?

ಟಾರ್ಕ್‌ಪ್ರಿಯ:

ಇದೆ. ಕಾಲನ್ನು ಪೂರ್ತಿ ಎತ್ತಬೇಡಿ. ತಿರುವಿಗೆ ಸಾಕಷ್ಟು ಮೊದಲೇ ಬ್ರೇಕ್ ಹಾಕಿ ವೇಗ ಇಳಿಸಿಕೊಂಡು, ತಿರುವಿಗೆ ಪ್ರವೇಶಿಸುವ ಹೊತ್ತಿಗೆ ಆಕ್ಸಿಲರೇಟರ್ ಮೇಲೆ ಕಾಲಿನ ಭಾರವಷ್ಟೇ ಬೀಳುವಂತೆ ಇಟ್ಟರೆ, 'ಇವರು ನಿಲ್ಲುವುದಿಲ್ಲ' ಎಂಬ ಸುದ್ದಿ ಘಟಕಕ್ಕೆ ಮುಟ್ಟುತ್ತದೆ. ಅದು ಕ್ಲಚ್ ಬಿಡಿಸುವ ಯೋಚನೆಯನ್ನು ಕೈಬಿಟ್ಟು ಎರಡನೇ ಗೇರನ್ನು ಹಿಡಿದುಕೊಂಡಿರುತ್ತದೆ. ವಾಹನ ಹೆಚ್ಚಿರುವ ತಿರುವುಗಳಲ್ಲಿ ಸ್ಪೋರ್ಟ್ ಸ್ಥಾನವನ್ನೂ ಬಳಸಬಹುದು. ಡಿ ಸ್ಥಾನದ ನಕ್ಷೆ ಇಂಧನ ಉಳಿಸಲೆಂದು ಎತ್ತರದ ಗೇರನ್ನು ಅಪ್ಪಿಕೊಂಡಿರುತ್ತದೆ, ಸ್ಪೋರ್ಟ್‌ನಲ್ಲಿ ಕೆಳಗಿನ ಗೇರಿಗೆ ಮೊದಲೇ ಇಳಿದಿರುತ್ತದೆ.

ಇಷ್ಟೆಲ್ಲ ಮಾಡಿದರೂ ತಡವರಿಕೆ ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೆ, ಅಥವಾ ಆಕ್ಸಿಲರೇಟರ್ ಬಿಟ್ಟೊಡನೆ, ಒತ್ತಿದೊಡನೆ 'ಟಕ್' ಎಂಬ ಸದ್ದು ಬರತೊಡಗಿದರೆ ಎಂಜಿನ್ ಮೌಂಟ್‌ಗಳನ್ನು (ಎಂಜಿನ್ನನ್ನು ಕಾರಿಗೆ ಹಿಡಿದಿಡುವ ಆಧಾರಗಳನ್ನು) ಪರೀಕ್ಷಿಸಿ. ಸವೆದ ಮೌಂಟ್ ಎಂಜಿನ್ನನ್ನು ಹಿಂದಕ್ಕೂ ಮುಂದಕ್ಕೂ ತೂಗಾಡಲು ಬಿಡುತ್ತದೆ, ಬಹಳಷ್ಟು ಸಲ ಆ ಆರೋಪವನ್ನು ಪೆಟ್ಟಿಗೆ ಹೊರುತ್ತದೆ. ಕಾರಿನ ದೋಷ ಸಂಕೇತಗಳನ್ನು ಓದಿಸುವುದಾದರೆ ಗೇರ್‌ಬಾಕ್ಸ್ ಘಟಕವನ್ನೂ ಓದಬಲ್ಲ ಉಪಕರಣವೇ ಬೇಕು. ಅಗ್ಗದ ಸ್ಕ್ಯಾನರ್‌ಗಳು ಅನೇಕ ಸಲ ಎಂಜಿನ್ನಿನ ಸಂಕೇತಗಳನ್ನಷ್ಟೇ ಓದಿ 'ದೋಷವಿಲ್ಲ' ಎಂದು ತೋರಿಸಿಬಿಡುತ್ತವೆ. ಕಾರ್ಯಾಗಾರದಲ್ಲಿ ಕ್ಲಚ್‌ಗಳ ಹಿಡಿತದ ಬಿಂದುವಿನ ಮೌಲ್ಯಗಳನ್ನು ಓದಿಸಿ ಬರೆದಿಟ್ಟುಕೊಳ್ಳಿ. ಮುಂದಿನ ಸರ್ವಿಸ್‌ನಲ್ಲಿ ಮತ್ತೆ ಓದಿಸಿದಾಗ ಅವು ಎಷ್ಟು ಸರಿದಿವೆ ಎಂಬುದು, ಕ್ಲಚ್ ಬದಲಾಯಿಸಬೇಕೆಂದು ಯಾರಾದರೂ ಹೇಳಿದರೆ ಅದನ್ನು ತೂಗಿ ನೋಡಲು ನಿಮಗೆ ಆಧಾರವಾಗುತ್ತದೆ.